ಅಂಗಳದ ದಿನವಹಿ: ಹೈದರಾಬಾದಿನ ಮನೆದೋಟದಲ್ಲಿ ಋತುಚಕ್ರದ ವೀಕ್ಷಣೆ

ಊರು ಬಿಟ್ಟು ಪರಸ್ಥಳದಲ್ಲಿ ನೆಲೆನಿಂತವರು ತಮ್ಮೊಡನೆ ಭಾಷೆ, ಅಡುಗೆ, ಹಬ್ಬಹರಿದಿನಗಳನ್ನು ತರುವಂತೆಯೇ ತವರಿನ ಋತುಮಾನವನ್ನೂ ತರುತ್ತಾರೆ. ಮಲೆನಾಡಿನಿಂದ ಬಂದವರ ಮನಸ್ಸಿನಲ್ಲಿ ಮಳೆಗಾಲವೆಂದರೆ ಆಷಾಢದ ಜಡಿಮಳೆ. ಮೈಸೂರು ಸೀಮೆಯವರ ಪಾಲಿಗೆ ಬೇಸಿಗೆಯೆಂದರೆ ಸಂಜೆಯ ಹೊತ್ತಿಗೆ ತಂಪಾಗುವ ಬೇಸಿಗೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ಕುಟುಂಬಗಳಿಗೆ ಮಾತ್ರ ಹೈದರಾಬಾದಿನ ಬಿಸಿಲು ಹೊಸದಲ್ಲ. 1956ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ರಾಜ್ಯದಲ್ಲಿದ್ದವು. ಹಿನ್ನೆಲೆ ಯಾವುದೇ ಇರಲಿ, ಮನೆಯ ಮುಂದಿನ ಮಲ್ಲಿಗೆಯ ಬಳ್ಳಿಯಾಗಲಿ ಹಿತ್ತಲಿನ ನುಗ್ಗೆಯ ಮರವಾಗಲಿ ನಮ್ಮ ನೆನಪನ್ನು ಕೇಳಿ ಹೂ ಬಿಡುವುದಿಲ್ಲ. ಅವು ಇಲ್ಲಿಯ ನೆಲ, ಇಲ್ಲಿಯ ಬಿಸಿಲು, ಇಲ್ಲಿಯ ಮಳೆಗಳ ಲೆಕ್ಕದಂತೆ ನಡೆಯುತ್ತವೆ.

ಆ ಲೆಕ್ಕವನ್ನು ಓದಲು ಕಲಿಯುವುದಕ್ಕೆ ದೊಡ್ಡ ತೋಟ ಬೇಕಿಲ್ಲ, ಸಸ್ಯಶಾಸ್ತ್ರದ ಪದವಿಯೂ ಬೇಕಿಲ್ಲ. ಕಾಂಪೌಂಡಿನೊಳಗಿನ ಹತ್ತಡಿ ಜಾಗವಾಗಲಿ, ಬಾಲ್ಕನಿಯ ನಾಲ್ಕು ಕುಂಡಗಳಾಗಲಿ ಸಾಕು. ಒಂದು ನೋಟ್‌ಬುಕ್ಕು, ಕೈಯಲ್ಲಿರುವ ಮೊಬೈಲಿನ ಕ್ಯಾಮೆರಾ, ವಾರಕ್ಕೊಮ್ಮೆ ಹತ್ತು ನಿಮಿಷದ ಬಿಡುವು ಇದ್ದರೆ ಯಾರಾದರೂ ತಮ್ಮ ಅಂಗಳದ ಒಂದು ವರ್ಷದ ಚರಿತ್ರೆಯನ್ನು ಬರೆಯಬಹುದು. ಅದನ್ನು ಬರೆಯುವ ಕ್ರಮ, ಈ ನಗರದಲ್ಲಿ ಯಾವ ಕಾಲದಲ್ಲಿ ಏನನ್ನು ನೋಡಬೇಕೆಂಬ ಸೂಚನೆ, ಮತ್ತು ಅದರಿಂದಾಗುವ ಪ್ರಯೋಜನ, ಈ ಮೂರನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ನೆನಪಿಗಿಂತ ನಮೂದು ಮೇಲು

"ಈ ವರ್ಷ ಮಾವು ಬೇಗ ಹೂ ಬಿಟ್ಟಿತು" ಎಂದು ನಾವೆಲ್ಲರೂ ಆಡುತ್ತೇವೆ. ಯಾವುದಕ್ಕಿಂತ ಬೇಗ, ಎಷ್ಟು ದಿನ ಬೇಗ ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ಇರುವುದಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದು ಪರಿಚಿತ ಸಮಸ್ಯೆ. ತಾರೀಖು ಇಲ್ಲದ ವೋಚರಿಗೆ ಬೆಲೆಯಿಲ್ಲ. ಆಯಾ ದಿನ ಬರೆಯದ ನಮೂದನ್ನು ಆಮೇಲೆ ಊಹಿಸಿ ಬರೆಯುವಂತಿಲ್ಲ. ಪ್ರಕೃತಿಯ ವ್ಯವಹಾರಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವರು ಜಗತ್ತಿನಲ್ಲಿ ಬಹಳ ಹಿಂದೆಯೇ ಇದ್ದರು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂ ಅರಳಿದ ದಿನಗಳ ಉಲ್ಲೇಖ ಕ್ರಿ.ಶ. 812ರಷ್ಟು ಹಿಂದಿನಿಂದ ದೊರೆಯುತ್ತದೆ. ಅವನ್ನು ಬರೆದಿಟ್ಟವರು ವಿಜ್ಞಾನಿಗಳಲ್ಲ. ಹೂ ನೋಡುವ ಉತ್ಸವದ ದಿನವನ್ನು ತಮ್ಮ ದಿನಚರಿಗಳಲ್ಲಿ ಗುರುತಿಸಿಕೊಂಡ ಆಸ್ಥಾನಿಕರು, ಸನ್ಯಾಸಿಗಳು. 2021ರಲ್ಲಿ ಮಾರ್ಚ್ 26ರಂದೇ ಅಲ್ಲಿ ಹೂ ಪೂರ್ಣವಾಗಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದಿಲ್ಲವೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಆ ದಿನಚರಿಗಳಿಂದ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ತನ್ನ ಎಸ್ಟೇಟಿನಲ್ಲಿ ಮೊದಲ ಎಲೆ, ಮೊದಲ ಹೂ, ಮೊದಲ ಹಕ್ಕಿಯ ದನಿಗಳ ದಿನಾಂಕಗಳನ್ನು ಬರೆಯತೊಡಗಿದ. ಆತನ ವಂಶಸ್ಥರು 1958ರವರೆಗೂ ಅದನ್ನು ಮುಂದುವರಿಸಿದರು. ಜೀವಿಗಳ ಋತುಸಹಜ ಘಟನೆಗಳನ್ನು ಕಾಲಾನುಕ್ರಮದಲ್ಲಿ ಅಭ್ಯಸಿಸುವ ಈ ಶಾಖೆಗೆ ಫೀನಾಲಜಿ ಎಂದು ಹೆಸರು. ನಮ್ಮ ದೇಶದಲ್ಲಿಯೂ ಸೀಸನ್‌ವಾಚ್ ಎಂಬ ಯೋಜನೆಯಡಿ ಶಾಲಾಮಕ್ಕಳು ಮತ್ತು ನಾಗರಿಕರು ತಮಗೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳ ಸ್ಥಿತಿಯನ್ನು ದಾಖಲಿಸುತ್ತಾರೆ. ಮನೆಯಂಗಳದ ಮಾವು, ಬೇವು, ಹುಣಸೆಗಳಿಗೂ ಅಲ್ಲಿ ಸ್ಥಾನವಿದೆ.

ಯಾವ ಪಂಚಾಂಗ?

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ನಾವು ರೂಢಿಯಿಂದ ಚೈತ್ರ, ವೈಶಾಖ ಎಂದು ಎಣಿಸುವ ಮಾಸಗಳು ಚಂದ್ರನನ್ನು ಅನುಸರಿಸುತ್ತವೆ. ಅಧಿಕಮಾಸದ ಹೊಂದಾಣಿಕೆಯಿಂದಾಗಿ ಅವು ಸೌರವರ್ಷದಲ್ಲಿ ಹಿಂದುಮುಂದಾಗುತ್ತಲೇ ಇರುತ್ತವೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂದಿತು. "ಯುಗಾದಿಗೆ ಬೇವು ಹೂವಾಗಿತ್ತು" ಎಂಬ ನೆನಪು ಎರಡು ವರ್ಷಗಳ ಮಧ್ಯೆ ಹದಿನೆಂಟು ದಿನಗಳಷ್ಟು ಅಂತರವನ್ನು ತನ್ನೊಳಗೆ ಅಡಗಿಸಿಕೊಂಡಿರುತ್ತದೆ.

ನಮ್ಮ ರೈತರು ಇದನ್ನು ಅರಿತೇ ಮಳೆಯ ಲೆಕ್ಕಕ್ಕೆ ಸೂರ್ಯನನ್ನು ನೆಚ್ಚಿಕೊಂಡರು. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎನ್ನುವಾಗ ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು ಅಥವಾ ಹದಿನಾಲ್ಕು ದಿನಗಳ ಅವಧಿ ಎಂದರ್ಥ. ತೆಲುಗರು ಇದನ್ನೇ ಕಾರ್ತೆ ಎನ್ನುತ್ತಾರೆ. ಮೃಗಶಿರ ಕಾರ್ತೆ ಪ್ರತಿವರ್ಷ ಜೂನ್ 7 ಅಥವಾ 8ರ ಆಸುಪಾಸಿಗೇ ಬರುತ್ತದೆ. ಆ ದಿನ ಹೈದರಾಬಾದಿನಲ್ಲಿ ಮೀನು ತಿನ್ನುವ ರೂಢಿಯನ್ನು ಇಲ್ಲಿರುವ ನಾವೆಲ್ಲರೂ ಬಲ್ಲೆವು. ವರ್ಷವನ್ನು ಇಪ್ಪತ್ತೇಳು ಸಮಭಾಗಗಳಾಗಿ ಒಡೆಯುವ ಈ ಪದ್ಧತಿ ಅಂಗಳದ ದಿನವಹಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆದುದರಿಂದ ಪ್ರತಿ ನಮೂದಿಗೂ ಇಂಗ್ಲಿಷ್ ತಾರೀಖನ್ನು ಬರೆದು, ಪಕ್ಕದಲ್ಲಿ ಮಳೆನಕ್ಷತ್ರವನ್ನು ಸೂಚಿಸುವುದು ಉಚಿತ. ತಿಥಿಯನ್ನು ಬರೆದರೆ ಹಬ್ಬದ ನೆನಪಿಗೆ ಒದಗುತ್ತದೆ, ಹೋಲಿಕೆಗೆ ಒದಗುವುದಿಲ್ಲ.

ಹೈದರಾಬಾದಿನ ಅಂಗಳದ ವರ್ಷ

ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿ, ದಖ್ಖನ್ನಿನ ಗ್ರಾನೈಟ್ ಬಂಡೆಗಳ ಮೇಲೆ ಕುಳಿತ ನಗರ ಇದು. ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಸುರಿಯುತ್ತದೆ. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರ್ ಮೀರುವ ಮಳೆಯನ್ನು ಕಂಡವರಿಗೆ ಇದು ಹನಿಮಳೆಯೆನಿಸೀತು. ಹವಾಮಾನ ಇಲಾಖೆ ವರ್ಷವನ್ನು ಚಳಿಗಾಲ, ಮುಂಗಾರುಪೂರ್ವ, ನೈರುತ್ಯ ಮಾರುತ, ಮಾರುತೋತ್ತರ ಎಂದು ನಾಲ್ಕಾಗಿ ವಿಂಗಡಿಸುತ್ತದೆ, ಪಂಚಾಂಗ ಆರಾಗಿ. ಅಂಗಳವನ್ನೇ ಕೇಳಿದರೆ ಅದು ಬೇರೆಯೇ ವಿಭಾಗವನ್ನು ಹೇಳುತ್ತದೆ.

ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಉದುರುವ ಮತ್ತು ಚಿಗುರುವ ಕಾಲ. ಸೀತಾಫಲದ ಗಿಡ ಎಲೆಯುದುರಿಸಿ ಸತ್ತಂತೆ ನಿಲ್ಲುತ್ತದೆ. ಹೊಸದಾಗಿ ಬೆಳೆಸುವವರು ಗಾಬರಿಯಾಗಿ ನೀರು ಸುರಿಯುವುದುಂಟು. ಗಾಬರಿ ಅನಗತ್ಯ, ಅದು ವಿಶ್ರಾಂತಿಯಲ್ಲಿದೆ. ಮಾವು ಇದೇ ಹೊತ್ತಿಗೆ ಹೂಗೊಂಚಲುಗಳಿಂದ ತುಂಬುತ್ತದೆ. ಒಂದೊಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿದ್ದರೂ ಕಾಯಾಗಿ ನಿಲ್ಲುವುದು ಒಂದೆರಡು ಮಾತ್ರ. ಒಂದೇ ಗೊಂಚಲನ್ನು ಗುರುತಿಟ್ಟುಕೊಂಡು ವಾರವಾರ ಚಿತ್ರ ತೆಗೆದರೆ ಈ ಉಳಿವಿನ ಲೆಕ್ಕ ಕಣ್ಣಿಗೇ ಕಾಣುತ್ತದೆ. ನುಗ್ಗೆಯೂ ಈಗ ಹೂವಾಗಿ ಕಾಯಿಗೆ ತಿರುಗುತ್ತದೆ. ಫೆಬ್ರವರಿ ಕೊನೆಗೆ ಬೇವು ಹಳದಿಯಾಗಿ ಎಲೆ ಚೆಲ್ಲಿ, ಕೆಲವೇ ದಿನಗಳಲ್ಲಿ ತಾಮ್ರವರ್ಣದ ಚಿಗುರನ್ನು ಹೊದೆಯುತ್ತದೆ.

ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಬಿಸಿಲಿನ ಕಾಲ. ಮೇ ತಿಂಗಳಲ್ಲಿ ಹಗಲಿನ ಉಷ್ಣತೆ ಸರಾಸರಿ 39 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರವಿರುತ್ತದೆ. ಮನುಷ್ಯನು ಒಳಗೆ ಸೇರುವ ಈ ಕಾಲವೇ ಅಂಗಳದಲ್ಲಿ ಬಹಳ ಚಟುವಟಿಕೆಯ ಕಾಲವೆಂಬುದು ಸೋಜಿಗ. ಮಲ್ಲಿಗೆ ಬಿಡುವುದು ಈಗಲೇ. ಬೇವಿನ ಹೂ ಸುವಾಸನೆ ಬೀರುವುದು ಈಗಲೇ. ನಾವು ಯುಗಾದಿಗೆ ಬೇವುಬೆಲ್ಲ ಹಂಚಿದರೆ, ನೆರೆಯ ತೆಲುಗು ಮನೆಗಳಲ್ಲಿ ಅದೇ ಬೇವಿನ ಹೂ ಯುಗಾದಿ ಪಚ್ಚಡಿಗೆ ಬೀಳುತ್ತದೆ. ಕೋಗಿಲೆಯ ದನಿ ಏರುತ್ತದೆ. ಕರಿಬೇವು ಬಿಳಿ ಹೂಗೊಂಚಲು ಬಿಟ್ಟು, ಮುಂದೆ ಕಪ್ಪು ಹಣ್ಣುಗಳನ್ನು ತಾಳುತ್ತದೆ. ಅದಕ್ಕೆ ಪಿಕಳಾರಗಳು ಬರುತ್ತವೆ. ಎಲೆಯಿಲ್ಲದೆ ನಿಂತಿದ್ದ ಸೀತಾಫಲ ಚಿಗುರಿ, ತಲೆ ತಗ್ಗಿಸಿದ ಹಸಿರು ಹೂಗಳನ್ನು ಬಿಡುತ್ತದೆ. ಹೂವೆಂದು ಗುರುತಿಸುವುದೇ ಕಷ್ಟವಾದ ಅವಕ್ಕೆ ಪರಾಗಸ್ಪರ್ಶ ಮಾಡಿಸುವುದು ಜೇನಲ್ಲ, ಎಳ್ಳುಕಾಳಿನಷ್ಟು ಸಣ್ಣ ಜೀರುಂಡೆಗಳು.

ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾಲ. ಮೊದಲ ಒಳ್ಳೆಯ ಮಳೆಯ ನಂತರ ತೇವದ ಮಣ್ಣಿನ ಮೇಲೆ ಮಖಮಲ್ಲಿನಂತಹ ಕೆಂಪು ಪುಟ್ಟ ಜೀವಿಗಳು ಹರಿದಾಡುತ್ತವೆ. ಆರಿದ್ರಾ ಮಳೆಯ ಹೊತ್ತಿಗೆ ಕಾಣುವುದರಿಂದ ತೆಲುಗರು ಅದನ್ನು ಆರುದ್ರ ಪುರುಗು ಎನ್ನುತ್ತಾರೆ. ಕಾಂಪೌಂಡಿಗೆಲ್ಲ ಸಿಮೆಂಟ್ ಹಾಕಿಸಿದ ಮನೆಗಳಲ್ಲಿ ಇವು ಕಾಣಿಸುವುದಿಲ್ಲ. ಅವಕ್ಕೆ ಬೇಕಾದದ್ದು ಬರಿಯ ಮಣ್ಣು. ನಿಂಬೆ ಮತ್ತು ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವ ಕಂದುಬಿಳಿ ಮರಿಹುಳುಗಳನ್ನು ಹುಡುಕಬೇಕು. ಅವು ಬೆಳೆದಂತೆ ಎಲೆಹಸಿರಾಗಿ, ಕೋಶ ಕಟ್ಟಿ, ನಿಂಬೆ ಚಿಟ್ಟೆಯಾಗಿ ಹಾರುತ್ತವೆ. ಎರಡೆಲೆ ಹೋದರೆ ಹೋಯಿತೆಂದು ಬಿಟ್ಟರೆ ಈ ಪರಿವರ್ತನೆಯ ಸಂಪೂರ್ಣ ಚಿತ್ರಸರಣಿ ಕೆಲವೇ ವಾರಗಳಲ್ಲಿ ಸಿದ್ಧವಾಗುತ್ತದೆ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನದು ಈ ನೆಲದ ನಿಜವಾದ ಹೂವಿನ ಕಾಲ. ನಮ್ಮ ಕಾವ್ಯಸಂಸ್ಕಾರ ವಸಂತವನ್ನು ಹೂವಿನ ಋತುವೆನ್ನುತ್ತದೆ. ತೆಲಂಗಾಣ ಮಾತ್ರ ಮಳೆ ಹಿಂದೆಗೆಯುವ ಹೊತ್ತನ್ನು ಹಾಗೆ ಕಾಣುತ್ತದೆ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಆಚರಿಸುವ ಬತುಕಮ್ಮ ಹೂಗಳನ್ನೇ ಪೂಜಿಸುವ ಹಬ್ಬ. ಅದರಲ್ಲಿ ಜೋಡಿಸುವ ತಂಗೇಡು ನಮ್ಮ ಆವರಿಕೆಯೇ. ಗುನುಗು ನಮ್ಮ ಅಣ್ಣೆಸೊಪ್ಪಿನ ಹೂವೇ. ಕರ್ನಾಟಕದಲ್ಲಿ ಹೊಲದ ಬದುವಿನಲ್ಲಿ ಕಂಡೂ ಕಾಣದಂತೆ ದಾಟಿಹೋದ ಗಿಡಗಳು ಇಲ್ಲಿ ದೇವಿಯ ಸ್ವರೂಪ ಪಡೆಯುತ್ತವೆ. ತಂಗೇಡು ತೆಲಂಗಾಣದ ರಾಜ್ಯಪುಷ್ಪ. ದಸರೆಯಂದು ಕಂಡರೆ ಶುಭವೆಂದು ಇಲ್ಲಿಯವರು ನಂಬುವ ಪಾಲಪಿಟ್ಟ, ಅಂದರೆ ನೀಲಕಂಠ, ತೆಲಂಗಾಣಕ್ಕೂ ಕರ್ನಾಟಕಕ್ಕೂ ರಾಜ್ಯಪಕ್ಷಿ. ಅಂಗಳದಲ್ಲಿ ಪಾರಿಜಾತ ಬೆಳಗಿಗೆ ಮುನ್ನ ಉದುರಿ ನೆಲ ತುಂಬುತ್ತದೆ. ಸೀತಾಫಲದ ಕಣ್ಣುಗಳು ಬಿರಿದು ಹಣ್ಣು ಪಕ್ವವಾಗುತ್ತದೆ.

ನವೆಂಬರ್ ಕೊನೆಯಿಂದ ಡಿಸೆಂಬರ್ ಪೂರ್ತಿ ಇಬ್ಬನಿಯ ಕಾಲ. ಬೆಳಗಿನ ಉಷ್ಣತೆ 14-15 ಡಿಗ್ರಿಗಳಿಗೆ ಇಳಿಯುತ್ತದೆ. ಚೆಂಡುಹೂ, ಸೇವಂತಿಗೆಗಳ ಜೊತೆಗೆ ಕುಂಡದ ಕೊತ್ತಂಬರಿ, ಮೆಂತ್ಯಗಳಿಗೆ ಇದು ಪ್ರಶಸ್ತ. ದಾಸವಾಳಕ್ಕೆ ಬರುವ ಕಪ್ಪು ಸೂರಕ್ಕಿಯ ಗಂಡನ್ನು ಗಮನಿಸಿ: ಬೇಸಿಗೆಯಲ್ಲಿ ಕಡುನೇರಳೆಯಾಗಿ ಹೊಳೆಯುತ್ತಿದ್ದದ್ದು, ಸಂತಾನಕಾಲ ಮುಗಿದ ಮೇಲೆ ಬಣ್ಣ ಕಳಚಿ, ಎದೆಯ ನಡುವೆ ಒಂದು ಕಪ್ಪು ಪಟ್ಟೆಯನ್ನಷ್ಟೇ ಉಳಿಸಿಕೊಂಡಿರುತ್ತದೆ. ಎರಡು ಕಾಲದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಡದಿದ್ದರೆ ಅವು ಎರಡು ಬೇರೆ ಹಕ್ಕಿಗಳೆಂದೇ ತೋರುತ್ತವೆ.

ಚಿತ್ರ ತೆಗೆಯುವ ಕ್ರಮ

ಒಳ್ಳೆಯ ಚಿತ್ರಕ್ಕಿಂತ ಒಂದೇ ತೆರನಾದ ಚಿತ್ರ ಇಲ್ಲಿ ಮುಖ್ಯ. ಮೆಟ್ಟಿಲ ಮೇಲೋ ಕಾಂಪೌಂಡ್ ಗೋಡೆಯ ಮೇಲೋ ಬಣ್ಣದಿಂದ ಒಂದು ಗುರುತು ಹಾಕಿ, ಪ್ರತಿವಾರ ಅದೇ ಜಾಗದಲ್ಲಿ ಮೊಬೈಲ್ ಇರಿಸಿ, ಅಡ್ಡವಾಗಿ ಹಿಡಿದು, ಜೂಮ್ ಮಾಡದೆ ಚಿತ್ರ ತೆಗೆಯಬೇಕು. ಚೌಕಟ್ಟಿನ ಒಂದು ಮೂಲೆಗೆ ಬದಲಾಗದ ವಸ್ತುವೊಂದು, ಅಂದರೆ ಕಿಟಕಿಯ ಅಂಚು ಅಥವಾ ನೀರಿನ ತೊಟ್ಟಿ, ಬರುವಂತೆ ನೋಡಿಕೊಂಡರೆ ಮುಂದಿನ ವಾರ ಅದೇ ನೋಟವನ್ನು ಹೊಂದಿಸುವುದು ಸುಲಭ. ಹಿಮನದಿಗಳು ಕರಗುವುದನ್ನು ಅಳೆಯಲು ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಳಸುತ್ತಿರುವುದೂ ಇದೇ ಉಪಾಯವನ್ನು. ವರ್ಷ ಮುಗಿಯುವ ಹೊತ್ತಿಗೆ ಐವತ್ತೆರಡು ಚಿತ್ರಗಳಾಗುತ್ತವೆ.

ಸಮಯ ಬೆಳಗಿನ ಏಳು ಗಂಟೆಯ ಸುಮಾರು ಇರಲಿ. ಮೇ ತಿಂಗಳಲ್ಲಿ ಒಂಬತ್ತರ ಬಿಸಿಲೇ ಎಲೆಗಳ ಬಣ್ಣವನ್ನು ತಿಂದುಹಾಕುತ್ತದೆ. ಪಾರಿಜಾತಕ್ಕೆ ಇನ್ನೂ ಬೇಗ ಏಳಬೇಕು. ಮಲ್ಲಿಗೆಯಂತಹ ಬಿಳಿ ಹೂಗಳನ್ನು ತೆಗೆಯುವಾಗ ಪರದೆಯ ಮೇಲೆ ಹೂವನ್ನು ಮುಟ್ಟಿ ಬೆಳಕನ್ನು ಸ್ವಲ್ಪ ತಗ್ಗಿಸಿಕೊಂಡರೆ ದಳಗಳ ಗೆರೆಗಳು ಉಳಿಯುತ್ತವೆ. ಮೋಡ ಕವಿದ ದಿನದ ಬೆಳಕು ಹತ್ತಿರದ ಚಿತ್ರಗಳಿಗೆ ಅತ್ಯುತ್ತಮ. ಹುಳು, ಕಾಯಿಗಳ ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯವಿಟ್ಟರೆ ಗಾತ್ರ ತಿಳಿಯುತ್ತದೆ.

ಸಿಂಪಿಗ ಹಕ್ಕಿ ಎಲೆಗಳನ್ನು ಹೊಲಿದು ಗೂಡು ಕಟ್ಟಿದ್ದರೆ, ಚಿತ್ರ ಸ್ಪಷ್ಟವಾಗಲೆಂದು ಅಡ್ಡವಿರುವ ಎಲೆಗಳನ್ನು ಸರಿಸಬಾರದು, ಫ್ಲ್ಯಾಶ್ ಬಳಸಬಾರದು. ನಮಗೆ ತೆರೆದದ್ದು ಕಾಗೆಗೂ ತೆರೆಯುತ್ತದೆ.

ನೋಟ್‌ಬುಕ್ಕಿನಲ್ಲಿ ತಾರೀಖು, ಗಿಡದ ಹೆಸರು, ಎಲೆ, ಮೊಗ್ಗು, ಹೂ, ಕಾಯಿ, ಬಂದ ಜೀವಿಗಳು ಎಂದು ಅಂಕಣ ಹಾಕಿ ತುಂಬಬೇಕು. ಹೂವಿಲ್ಲದ ವಾರದಲ್ಲಿ "ಇಲ್ಲ" ಎಂದೇ ಬರೆಯಬೇಕು. ಖಾಲಿ ಬಿಟ್ಟರೆ ಹೂ ಇರಲಿಲ್ಲವೋ, ನೋಡಲಿಲ್ಲವೋ ಎಂಬುದು ಆಮೇಲೆ ತಿಳಿಯುವುದಿಲ್ಲ. ಶೂನ್ಯವೂ ಒಂದು ನಮೂದೇ. ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅವು ಕುಗ್ಗುತ್ತವೆ, ತೆಗೆದ ದಿನಾಂಕದ ವಿವರವೂ ಅಳಿಯುತ್ತದೆ. ಆದುದರಿಂದ ಮೂಲಪ್ರತಿಯನ್ನು ಕಂಪ್ಯೂಟರಿನಲ್ಲಿ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಹೆಸರಿಟ್ಟು, ಮತ್ತೊಂದು ಕಡೆಯೂ ಒಂದು ಪ್ರತಿ ಇರಿಸಬೇಕು.

ಬೇವು ಕಲಿಸಿದ ಪಾಠ

ಈ ಶ್ರಮದ ಪ್ರಯೋಜನವೇನೆಂಬ ಪ್ರಶ್ನೆಗೆ 2021ನೆಯ ವರ್ಷ ಉತ್ತರ ನೀಡಿತು. ಆ ವರ್ಷ ಮಳೆಗಾಲದ ಕೊನೆಗೆ ತೆಲಂಗಾಣದಾದ್ಯಂತ ಬೇವಿನ ಮರಗಳು ತುದಿಯಿಂದ ಒಣಗತೊಡಗಿದವು. ಕೊಂಬೆಗಳು ಸುಟ್ಟಂತೆ ಕಂದಾದವು. ಹಲವು ಮರಗಳು ಪೂರ್ತಿ ಸತ್ತಂತೆ ಕಂಡವು. ಜನರು ಬಗೆಬಗೆಯ ಕಾರಣ ಹೇಳಿದರು. ಕೃಷಿವಿಜ್ಞಾನಿಗಳು ಇದು ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಶಿಲೀಂಧ್ರದಿಂದ ಬರುವ ಒಣರೋಗವೆಂದೂ, ರಸಹೀರುವ ತಿಗಣೆಯೊಂದರ ಬಾಧೆಯೂ ಸೇರಿದೆಯೆಂದೂ ತಿಳಿಸಿದರು. ಈ ಶಿಲೀಂಧ್ರವನ್ನು 1997ರಲ್ಲಿ ಮೊದಲು ವರ್ಣಿಸಿದವರು ಮೈಸೂರಿನ ಸಂಶೋಧಕರೇ ಎಂಬುದು ನಮಗೆ ಆಸಕ್ತಿಯ ಸಂಗತಿ. ರೋಗ ಮಳೆಗಾಲದಲ್ಲಿ ಕಾಣಿಸಿಕೊಂಡು, ಮಳೆ ಮುಗಿದು ಚಳಿ ಆರಂಭವಾಗುವಾಗ ಉಲ್ಬಣಿಸುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ, ಒಣಗಿದ ಮರ ಮನೆಗೆ ಆಗದೆಂದು ಕಡಿಸುವ ಮಾತು ಬಂದಿತು. ಕೆಲವರು "ಬೇವು ಎಲೆ ಉದುರಿಸುವುದು ಸಹಜ, ಬಿಡಿ" ಎಂದರು. ಎರಡಕ್ಕೂ ಉತ್ತರ ಹಳೆಯ ಚಿತ್ರಗಳಲ್ಲಿತ್ತು. ನಮ್ಮ ಮಹಡಿಯಿಂದ ತೆಗೆದ ಹಿಂದಿನ ವರ್ಷಗಳ ನವೆಂಬರ್ ಚಿತ್ರಗಳಲ್ಲಿ ಆ ಮರ ದಟ್ಟ ಹಸಿರಾಗಿತ್ತು. ಎಲೆ ತೆಳುವಾದದ್ದು ಫೆಬ್ರವರಿ ಕೊನೆಯ ಚಿತ್ರಗಳಲ್ಲಿ ಮಾತ್ರ. ಆದ್ದರಿಂದ ಇದು ಸಹಜ ಎಲೆಯುದುರುವಿಕೆಯಲ್ಲ, ರೋಗ. ಆದರೆ ಒಣಗಿದ್ದು ಎಳೆಯ ತುದಿಗಳಷ್ಟೇ. ಕಾಂಡವನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿತ್ತು. ಮನೆಯ ಯಜಮಾನರು ಒಣಕೊಂಬೆಗಳನ್ನು ಸವರಿಸಿ, ಒಂದು ಮಳೆಗಾಲ ಕಾಯಲು ಒಪ್ಪಿದರು. ಮುಂದಿನ ಮಳೆಗಾಲದಲ್ಲಿ ಅದು ಚಿಗುರಿತು. ರಾಜ್ಯದ ಬೇರೆಡೆಯೂ ಅನೇಕ ಬೇವುಗಳು ಹಾಗೆಯೇ ಚೇತರಿಸಿಕೊಂಡವು. 2002ರ ಜಲ, ಭೂಮಿ ಮತ್ತು ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮನೆಯಂಗಳದ ಮರ ಕಡಿಯಲೂ ಅನುಮತಿ ಬೇಕೆಂಬುದನ್ನು ಓದುಗರು ಗಮನದಲ್ಲಿಡುವುದು ಒಳಿತು. ಕಾನೂನು ತಡೆಯುವ ಮುನ್ನ ತಿಳಿವಳಿಕೆ ತಡೆದರೆ ಇನ್ನೂ ಒಳಿತು.

ಉಳಿಯಬೇಕಾದದ್ದು

ಹೈದರಾಬಾದಿನ ಹೆಸರುಗಳಲ್ಲೇ ತೋಟಗಳಿವೆ. ಬಶೀರ್‌ಬಾಗ್, ಬಾಗ್ ಲಿಂಗಂಪಲ್ಲಿ, ಸೀಬೆಯ ತೋಟವೆಂಬ ಅರ್ಥದ ಜಾಮ್‌ಬಾಗ್, ಸಿಕಂದರಾಬಾದಿನ ಸೀತಾಫಲ್‌ಮಂಡಿ. ಹೆಸರು ಉಳಿದಿದೆ, ತೋಟ ಉಳಿದಿಲ್ಲ. ಕಾಚಿಗೂಡ, ಬರ್ಕತ್‌ಪುರ, ನಲ್ಲಕುಂಟ, ಮಲಕ್‌ಪೇಟೆಗಳಲ್ಲಿ ಅಂಗಳವಿದ್ದ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ವಯಸ್ಸಾದ ದಂಪತಿಗೆ ಇದು ಅನಿವಾರ್ಯವೂ ಆಗಿರಬಹುದು. ಅದನ್ನು ಆಕ್ಷೇಪಿಸುವುದು ಇಲ್ಲಿಯ ಉದ್ದೇಶವಲ್ಲ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ (1844-1905) ತೆಗೆದ ಚಿತ್ರಗಳಿಂದ ಅಂದಿನ ಅರಮನೆಗಳನ್ನು ನಾವು ಇಂದೂ ಕಾಣಬಹುದು. ಸಾಮಾನ್ಯ ಮನೆಯ ಹಿತ್ತಲಿನ ಸೀಬೆಮರವನ್ನು ದಾಖಲಿಸುವ ಹೊಣೆ ಆ ಮನೆಯವರದೇ.

ಕನ್ನಡಿಗರಿಗೆ ಈ ಕೆಲಸದಲ್ಲಿ ಹಿರಿಯರ ಮೇಲ್ಪಂಕ್ತಿಯೂ ಇದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಬಿ.ಜಿ.ಎಲ್. ಸ್ವಾಮಿಯವರು ಹೊರನಾಡಿನಲ್ಲಿದ್ದುಕೊಂಡೇ ಗಿಡಮರಗಳನ್ನು ಕನ್ನಡದಲ್ಲಿ ಮಾತಾಡಿಸಿದರು. ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಗಂಟೆಗಟ್ಟಲೆ ಕಾದು ಕ್ಯಾಮೆರಾದಲ್ಲಿ ಹಿಡಿದರು.

ನಮ್ಮ ಮಕ್ಕಳು ಈ ನಗರದಲ್ಲೇ ಹುಟ್ಟಿದವರು. ಇದೇ ಅವರ ತವರು. ಅವರೊಡನೆ ಕುಳಿತು ಗಿಡದ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಸಿದರೆ, ಆವರಿಕೆಯೂ ತಂಗೇಡೂ ಒಂದೇ ಎಂಬುದು ಪಾಠವಿಲ್ಲದೆ ತಿಳಿಯುತ್ತದೆ. ಮನೆ ಬಿಡುವ ಸಂದರ್ಭ ಬಂದರೂ, ಯಾವ ತಾರೀಖಿಗೆ ಯಾವ ಗಿಡ ಹೂವಾಗಿತ್ತೆಂಬ ನೋಟ್‌ಬುಕ್ಕನ್ನು ಜೊತೆಯಲ್ಲಿ ಒಯ್ಯಬಹುದು. ಹೊಸ ಬಾಲ್ಕನಿಯ ಕುಂಡದಲ್ಲಿ ಮುಂದಿನ ಪುಟ ಆರಂಭವಾಗಬಹುದು. ವರ್ಷಾರಂಭಕ್ಕಾಗಿ ಕಾಯಬೇಕಾಗಿಲ್ಲ. ಬರುವ ಭಾನುವಾರ ಬೆಳಿಗ್ಗೆ ಒಂದು ಗಿಡವನ್ನು ಆರಿಸಿ, ಗೋಡೆಯ ಮೇಲೊಂದು ಗುರುತು ಹಾಕಿ, ಮೊದಲ ಚಿತ್ರ ತೆಗೆದು, ತಾರೀಖು ಬರೆದರೆ ಖಾತೆ ತೆರೆದಂತಾಯಿತು.